ಮಾವ ಬರೆದ ಕಾರಣ

ಬಿಲ್ಲು ಕೈಗೆ ಬಂದ ಕೂಡಲೇ ಸೊಸೆಯ ಬೆರಳು ಕೆಂಪು ಪೆನ್ನು ಹುಡುಕಿತು. ಹದಿನೆಂಟು ವರ್ಷದಿಂದ ಅಚ್ಚುಮನೆಯಲ್ಲಿ ಕರಡು ತಿದ್ದುವವಳು. ತಪ್ಪು ಅವಳ ಕಣ್ಣು ತಪ್ಪಿಸಿ ಹೋಗುವುದು ಕಷ್ಟ. ಮೂರು ದಿನಕ್ಕೆಂದು ಕರೆಸಿದ ನರ್ಸಿಗೆ ಆರು ದಿನದ ಹಣ ಹಾಕಿದ್ದರು, ಅದೂ ಪೂರ್ತಿ ತುರ್ತು ದರದಲ್ಲಿ.

ಹಿಂದಿನ ತಿಂಗಳು ಒಂದು ಬೆಳಿಗ್ಗೆ ಮಾವನಿಗೆ ಉಸಿರು ಸಿಕ್ಕಿಕೊಂಡಿತ್ತು. ಆಸ್ಪತ್ರೆಯಲ್ಲಿ ಹಾಸಿಗೆ ಖಾಲಿ ಇರಲಿಲ್ಲ. ಮನೆಯಲ್ಲೇ ಆಕ್ಸಿಜನ್ ಇಟ್ಟುಕೊಳ್ಳಿ, ಪಕ್ಕದಲ್ಲಿ ಸದಾ ಒಬ್ಬ ನರ್ಸ್ ಇರಲಿ ಎಂದರು ಡಾಕ್ಟರು. ಶುಶ್ರೂಷಾ ಕೇಂದ್ರಕ್ಕೆ ಫೋನು ಮಾಡಿದ ಗಂಟೆಯೊಳಗೆ ನರ್ಸ್ ಬಂದಳು. ಆದರೂ ಸೊಸೆ ಮಾವನ ಹಾಸಿಗೆಯ ಪಕ್ಕ ಬಿಟ್ಟು ಕದಲಲಿಲ್ಲ. ಮೂರನೆಯ ದಿನದ ಸಂಜೆಗೆ ಮಾವ ಎದ್ದು ಕೂತರು, ಸಿಲಿಂಡರ್ ವಾಪಸು ಹೋಯಿತು, ನರ್ಸ್ ಮಾತ್ರ ಉಳಿದಳು. ಯಾಕೆಂದು ಕೇಳಿದ್ದಕ್ಕೆ ಮಾವ, "ಇನ್ನೂ ಮೂರು ದಿನ ಅದರಲ್ಲೇ ಸೇರಿದೆಯಂತೆ ಕಣಮ್ಮ. ಪುಕ್ಕಟೆ ಬಂದದ್ದನ್ನ ಯಾಕೆ ಬಿಡೋದು?" ಎಂದಿದ್ದರು.

ಈಗ ಅವಳು ಬಿಲ್ಲನ್ನು ಅವರ ಮುಂದೆ ಹಿಡಿದಳು. "ಸೇರಿದೆ ಅಂದಿದ್ರಲ್ಲ ಮಾವ. ಯಾರು ಹೇಳಿದ್ದು ನಿಮಗೆ?"

"ಯಾರೋ ಹೇಳಿದ್ರಪ್ಪ." ಮಾವ ಪೇಪರಿನಲ್ಲಿ ಮುಖ ಹುದುಗಿಸಿದರು. "ಹೋಗ್ಲಿ, ಕೊಟ್ಟುಬಿಡೋಣ. ನನ್ನ ಪೆನ್ಶನ್ ಇದೆಯಲ್ಲ."

ಮೂವತ್ತು ವರ್ಷ ವಿದ್ಯುತ್ ಕಂಬ ಹತ್ತಿ ಇಳಿದ ಲೈನ್‌ಮನ್ ಅವರು. ಅಂಗಡಿಯವನು ಚಿಲ್ಲರೆ ಕಮ್ಮಿ ಕೊಟ್ಟರೆ ಅರ್ಧ ಬೀದಿ ವಾಪಸು ನಡೆದು ಹೋಗಿ ಕೇಳುವವರು. ಅಂಥವರೇ ಹೀಗೆ ಕೈಚೆಲ್ಲಿದ್ದು ನೋಡಿ ಅವಳಿಗೆ ಇನ್ನಷ್ಟು ರೇಗಿತು. ಮುದುಕರನ್ನು ಚೆನ್ನಾಗಿ ಏಮಾರಿಸಿದ್ದಾರೆ ಎಂದುಕೊಂಡಳು. ಗಂಡ ತೀರಿಕೊಂಡ ಮೇಲೆ ಏಳು ವರ್ಷದಿಂದ ಆ ಮನೆಯಲ್ಲಿದ್ದವರು ಅವರಿಬ್ಬರೇ. ಮಾವನ ಪರ ಜಗಳಕ್ಕೆ ಹೋಗಲು ಬೇರೆ ಯಾರೂ ಇರಲಿಲ್ಲ.

ಮರುದಿನ ಅರ್ಧ ದಿನ ರಜೆ ಹಾಕಿ ಹೊರಟಳು. ಶುಶ್ರೂಷಾ ಕೇಂದ್ರದ ಆಫೀಸು ಔಷಧಿ ಅಂಗಡಿಯ ಮಹಡಿಯ ಮೇಲಿತ್ತು. ಕೌಂಟರಿನ ಹಿಂದೆ ಕನ್ನಡಕವನ್ನು ದಾರದಲ್ಲಿ ಕೊರಳಿಗೆ ನೇತುಹಾಕಿಕೊಂಡ ಗುಮಾಸ್ತೆ ಕೂತಿದ್ದಳು.

"ಹುಷಾರಿಲ್ಲದ ವಯಸ್ಸಾದವರಿಗೆ ಪುಕ್ಕಟೆ ಅಂತ ಹೇಳಿ, ಆಮೇಲೆ ಹೀಗೆ ಬಿಲ್ ಕಳಿಸೋದು ಸರೀನಾ?" ಎಂದು ಸೊಸೆ ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತನ್ನು ಒಂದೇ ಉಸಿರಿಗೆ ಹೇಳಿದಳು.

ಗುಮಾಸ್ತೆ ಮಾತಿಗೆ ಮಾತು ಬೆಳೆಸಲಿಲ್ಲ. ಫೈಲು ತೆಗೆದು ಒಂದು ಹಾಳೆ ಮುಂದಿಟ್ಟಳು. "ನಾವು ಹಾಗೆ ಹೇಳಿಲ್ಲ ಮೇಡಂ. ನಿಮ್ಮ ಮಾವನೇ ಕೇಳಿ ಹಾಕಿಸ್ಕೊಂಡಿದ್ದು. ನಿಮಗೆ ತಿಳಿಸಬಾರದು ಅಂತ ಬರೆದಿದ್ದಾರೆ. ಆದ್ರೆ ನೀವು ನಮ್ಮನ್ನ ಕಳ್ಳರು ಅಂದ್ಕೊಂಡು ಹೋಗೋದು ನನಗಿಷ್ಟ ಇಲ್ಲ."

ನರ್ಸನ್ನು ಮುಂದುವರಿಸುವ ಅರ್ಜಿ ಅದು. ಕೆಳಗೆ ಮಾವನ ದಪ್ಪ ದಪ್ಪ ಅಕ್ಷರದ ರುಜು. ಕಾರಣ ಎಂಬಲ್ಲಿ ಹೀಗಿತ್ತು: "ನನಗೆ ಈಗ ವಾಸಿ. ಸೊಸೆ ಮೂರು ದಿನದಿಂದ ಮಲಗಿಲ್ಲ. ಊಟಕ್ಕೆ ಕೂತಲ್ಲೇ ತೂಗಡಿಸುತ್ತಾಳೆ. ಅವಳು ನಿದ್ದೇ ಮಾಡಲಿ. ಅವಳಿಗೆ ತಿಳಿಸಬೇಡಿ."

ಎರಡು ಸಾಲಿನಲ್ಲಿ ಎರಡು ಕಾಗುಣಿತದ ತಪ್ಪು. ಅವಳ ಕೈ ಪೆನ್ನಿಗೆ ಹೋಗಲಿಲ್ಲ. ಆಮೇಲಿನ ಮೂರು ದಿನ ತಾನು ಕೊರಡಿನಂತೆ ಬಿದ್ದುಕೊಂಡು ನಿದ್ದೆ ಹೊಡೆದದ್ದು, ಬೆಳಿಗ್ಗೆ ಎದ್ದಾಗ ಮೈ ಹಗುರವಾಗಿದ್ದದ್ದು ನೆನಪಾಯಿತು. ಹಾಳೆ ಹಿಡಿದುಕೊಂಡೇ ಪಕ್ಕದ ಕುರ್ಚಿಯಲ್ಲಿ ಕೂತುಬಿಟ್ಟಳು. ಗುಮಾಸ್ತೆ ನೀರಿನ ಲೋಟ ಮುಂದೆ ಸರಿಸಿ, ಫೈಲಿನಲ್ಲಿ ಏನೋ ಹುಡುಕುವವಳಂತೆ ತಲೆ ತಗ್ಗಿಸಿದಳು.

ನೀರು ಕುಡಿದ ಮೇಲೆ ಸೊಸೆ ಹಾಳೆಯನ್ನು ಮತ್ತೊಮ್ಮೆ ನೋಡಿದಳು, ಈ ಸಲ ಸಾವಧಾನವಾಗಿ.

"ನೋಡಿ, ಇಲ್ಲಿ ವಾಸಿ ಅಂತ ಅವರೇ ಬರೆದಿದ್ದಾರೆ. ಸಾಮಾನ್ಯ ದರ ಅನ್ನೋದಕ್ಕೆ ಗುರುತು ಹಾಕಿದ್ದಾರೆ. ನೀವು ಆರೂ ದಿನಕ್ಕೆ ತುರ್ತು ದರ ಹಾಕಿದ್ದೀರಿ. ಸಿಲಿಂಡರಿಗೂ ಆರು ದಿನ. ಅದು ನಾಲ್ಕನೇ ದಿನ ನಮ್ಮನೇಲೇ ಇರಲಿಲ್ಲ."

ಗುಮಾಸ್ತೆ ಕನ್ನಡಕ ಏರಿಸಿಕೊಂಡು ಬಿಲ್ಲನ್ನೂ ಅರ್ಜಿಯನ್ನೂ ಪಕ್ಕಪಕ್ಕ ಇಟ್ಟು ನೋಡಿದಳು. "ಹೌದಲ್ಲ. ಮೊದಲ ಮೂರು ದಿನದ್ದನ್ನೇ ಹಾಗೇ ಎಳ್ಕೊಂಡು ಹೋಗಿಬಿಟ್ಟಿದೀವಿ. ನಮ್ಮದೇ ತಪ್ಪು ಮೇಡಂ." ಒಳಗೆ ಹೋಗಿ ಮ್ಯಾನೇಜರ ಸಹಿ ಹಾಕಿಸಿದ ಹೊಸ ಬಿಲ್ಲು ತಂದಳು. ಮೂರರಲ್ಲೊಂದು ಭಾಗ ಇಳಿದಿತ್ತು. ಉಳಿದದ್ದನ್ನು ಸೊಸೆ ಮರುಮಾತಿಲ್ಲದೆ ಕಟ್ಟಿದಳು.

ಮನೆಗೆ ಬಂದಾಗ ಮಾವ ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದರು. ಅವಳ ಮುಖ ನೋಡಿದ್ದೇ ಗೊತ್ತಾಗಿಹೋಯಿತು.

"ತೋರಿಸಿಬಿಟ್ರಾ?"

"ತೋರಿಸಿದ್ರು."

"ಬೈಯೋದಾದ್ರೆ ಕೂತ್ಕೊಂಡು ಬೈ. ನಡೆದು ಬಂದಿದ್ದೀಯ."

ಅವಳು ಹೊಸಿಲ ಮೇಲೆ ಕೂತಳು. "ನನ್ನನ್ನ ಒಂದು ಮಾತು ಕೇಳಬಾರದಿತ್ತಾ ಮಾವ?"

"ಕೇಳಿದ್ರೆ ಬೇಡ ಅಂತಿದ್ದೆ."

"ಅಂತಿದ್ದೆ," ಎಂದು ಒಪ್ಪಿಕೊಂಡಳು.

ಮಾವ, "ನೀನೂ ಬಿದ್ದುಬಿಟ್ರೆ ನನಗ್ಯಾರಮ್ಮ?" ಎಂದರು. ಆಮೇಲೆ, ಹೇಳಿದ್ದು ಹೆಚ್ಚಾಯಿತೇನೋ ಎನ್ನುವಂತೆ, "ಕಮ್ಮಿ ಮಾಡಿದ್ರಾ ಏನಾದ್ರೂ?" ಎಂದು ಕೇಳಿದರು.

ಅವಳಿಗೆ ನಗು ಬಂತು. ಹೊಸ ಬಿಲ್ಲನ್ನು ಅವರ ಕೈಗಿತ್ತಳು. ಅವರು ಅದನ್ನು ಬೆಳಕಿಗೆ ಹಿಡಿದು ಒಂದೊಂದೇ ಸಾಲು ಬೆರಳಿಟ್ಟು ಓದತೊಡಗಿದರು. ಅವಳು ಅಲ್ಲೇ, ಅವರ ಕುರ್ಚಿಯ ಕಾಲಿಗೆ ಬೆನ್ನು ಕೊಟ್ಟು ಕೂತಿದ್ದಳು.