ಮೂರನೆಯ ಸೊನ್ನೆ

ಚಾಮರಾಜನಗರದ ಕಾಲೇಜಿನಲ್ಲಿ ಪವಿತ್ರ ಬಿ.ಎ.ಗೆ ಮಾನವಶಾಸ್ತ್ರ ತೆಗೆದುಕೊಂಡು ಮೂರು ತಿಂಗಳಾಗಿತ್ತು. ಮೇಡಂ ಕೊಟ್ಟ ಮೊದಲ ಕೆಲಸ, ಅವರವರ ಮನೆಯ ವಂಶವೃಕ್ಷ ಬರೆದು ತರುವುದು. ಗಂಡಸರಿಗೆ ತ್ರಿಕೋನ, ಹೆಂಗಸರಿಗೆ ಸೊನ್ನೆ, ತೀರಿಕೊಂಡವರ ಗುರುತಿನ ಮೇಲೆ ಅಡ್ಡಗೆರೆ. "ಬದುಕಿರೋರ ಹೆಸರು ಬರೆಯೋ ಮುಂಚೆ ಅವರನ್ನೇ ಕೇಳಿ," ಎಂದಿದ್ದರು.

ಭಾನುವಾರ ಗುಂಡ್ಲುಪೇಟೆ ಹತ್ತಿರದ ತಮ್ಮೂರಿನಲ್ಲಿ, ಜಗಲಿಯ ಮೇಲೆ ಸಣ್ಣ ಈರುಳ್ಳಿ ಬಿಡಿಸುತ್ತಿದ್ದ ಅಜ್ಜಿ ದೊಡ್ಡಮಲ್ಲಮ್ಮನ ಎದುರು ಪುಸ್ತಕ ಬಿಚ್ಚಿದಳು. ಅಪ್ಪ, ಇಬ್ಬರು ಚಿಕ್ಕಪ್ಪಂದಿರು, ಇಬ್ಬರು ಅತ್ತೆಯರು. ಮೂರು ತ್ರಿಕೋನ, ಎರಡು ಸೊನ್ನೆ.

"ಒಟ್ಟು ಐದು ಮಕ್ಳು ಅಲ್ವಾ ಅಜ್ಜಿ?"

ಅಜ್ಜಿಯ ಕೈ ನಿಂತಿತು. "ಆರು. ಕಡೇದು ದಾನೇಶ್ವರಿ."

ಆ ಹೆಸರನ್ನು ಪವಿತ್ರ ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಇನ್ನೊಂದು ಸೊನ್ನೆ ಬರೆದು, ಅಡ್ಡಗೆರೆಗೆಂದು ಪೆನ್ನು ಊರಿದಳು. "ಯಾವಾಗ ತೀರ್ಕೊಂಡ್ರು?"

"ಸತ್ತಿಲ್ಲ ಕಣಮ್ಮಿ. ಮದ್ದೂರ್ ಕಡೆ ಅವಳೆ. ಉಮ್ಮತ್ತೂರಿಂದ ಕೂಲಿಗೆ ಬತ್ತಿದ್ದ ಮಂಟೇಸ್ವಾಮಿ ಜೊತೆ ಒಂಟೋದ್ಲು. ಅವ್ರ ಜಾತಿ ಬ್ಯಾರೆ. ಇಪ್ಪತ್ತೆರಡು ವರ್ಸ ಆಯ್ತು."

ಅಪ್ಪ ಶಿವರುದ್ರಸ್ವಾಮಿ ತೋಟದಿಂದ ಬಂದು ಹಿಂದೆ ನಿಂತಿದ್ದು ಇಬ್ಬರಿಗೂ ತಿಳಿದಿರಲಿಲ್ಲ. ಅವನು ಬಗ್ಗಿ ಪುಟ ನೋಡಿದ. ಕೂಗಾಡಿದ್ದರೆ ವಾಸಿಯಿತ್ತು.

"ಗೆರೆ ಎಳಿ," ಎಂದ.

"ಅದು ಸತ್ತೋರಿಗೆ, ಅಪ್ಪ."

"ಗೊತ್ತಾಯ್ತು. ಎಳಿ."

ಅವಳು ಎಳೆಯಲಿಲ್ಲ. ಅವನೇ ಪೆನ್ನು ಕಿತ್ತುಕೊಂಡ. ಅಷ್ಟರಲ್ಲಿ ಅಜ್ಜಿ ಈರುಳ್ಳಿ ಸಿಪ್ಪೆ ಮೆತ್ತಿದ ಅಂಗೈಯನ್ನು ಸೊನ್ನೆಯ ಮೇಲೆ ಊರಿಬಿಟ್ಟಳು.

"ಎಳೆಯಂಗಿದ್ರೆ ನನ್ ಕೈ ಮ್ಯಾಲೆ ಎಳಿ. ಹೆತ್ತೋಳು ನಾನು."

ಮಗ ಆ ಕೈಯನ್ನೇ ನೋಡುತ್ತ ನಿಂತ. ಕೊನೆಗೆ ಪೆನ್ನನ್ನು ಅಂಗಳಕ್ಕೆ ಎಸೆದು, "ಈ ಪುಟ ಕಾಲೇಜಿಗೆ ವೋದ್ರೆ, ನೀನು ಕಾಲೇಜಿಗೆ ಓಗಂಗಿಲ್ಲ," ಎಂದು ಒಳಗೆ ನಡೆದ.

ಮಾರನೆಯ ದಿನ ಪವಿತ್ರ ಗುಂಡ್ಲುಪೇಟೆಯಲ್ಲಿ ಚಾಮರಾಜನಗರದ ಬಸ್ಸು ಬಿಟ್ಟು ಕೇರಳ ರಸ್ತೆಯ ಮದ್ದೂರು ಕಡೆಯ ಬಸ್ಸು ಹತ್ತಿದಳು. ಒಪ್ಪಿಗೆ ಕೇಳಬೇಕಾದದ್ದು ಅಪ್ಪನದ್ದಲ್ಲ ಎಂದು ರಾತ್ರಿಯೇ ಅನ್ನಿಸಿತ್ತು. ಆದರೂ ದಾರಿಯುದ್ದಕ್ಕೂ, ಊರಿನವರು ಯಾರಾದರೂ ಹತ್ತಿಯಾರೆಂದು ಬಾಗಿಲ ಕಡೆಯೇ ಕಣ್ಣು.

ಕೇಳಿಕೊಂಡು ಹೋದ ಮನೆಯಲ್ಲಿ, ಥೇಟು ಅಪ್ಪನದೇ ಮೂಗಿನ ಹೆಂಗಸೊಬ್ಬಳು ಬಾಗಿಲಿಗೆ ಬಂದಳು.

"ನಾನು ಶಿವರುದ್ರಸ್ವಾಮಿ ಮಗಳು."

ದಾನೇಶ್ವರಿ ಕದ ಅರ್ಧ ಮುಚ್ಚಿ, ಪವಿತ್ರಳ ಹೆಗಲಾಚೆ ರಸ್ತೆಯ ಎರಡೂ ತುದಿ ನೋಡಿದಳು. "ಜೊತೇಲಿ ಯಾರವ್ರೆ?"

"ಯಾರೂ ಇಲ್ಲ, ಅತ್ತೆ."

"ಅಣ್ಣ ಕಳಿಸುದ್ನಾ?"

"ಗೊತ್ತಾದ್ರೆ ಕಾಲೇಜ್ ಬಿಡುಸ್ತಾರೆ."

ಕದ ಹಿಡಿದ ಕೈ ನಿಧಾನಕ್ಕೆ ಸಡಿಲಿತು.

ಒಳಗೆ ಕೂತು ದಾನೇಶ್ವರಿ ಪುಟವನ್ನು ಬಹಳ ಹೊತ್ತು ನೋಡಿದಳು. ಅಣ್ಣ ಅಕ್ಕಂದಿರ ಹೆಸರುಗಳ ಮೇಲೆ ಬೆರಳಾಡಿಸಿದಳು. "ಸೊನ್ನೆ ಇರ್ಲಿ. ಎಸ್ರು ಬ್ಯಾಡ. ನನ್ ಮಗ ಗುಂಡ್ಲುಪೇಟೆ ಅಂಗ್ಡೀಲಿ ಕೆಲ್ಸುಕ್ಕವ್ನೆ. ಯಾರ್ ಕಣ್ಗೂ ಬೀಳೋದು ಬ್ಯಾಡ." ಆಮೇಲೆ ಕಣ್ಣೊರೆಸಿಕೊಂಡು ತಟ್ಟೆ ಹಾಕಿದಳು.

ಸಂಜೆ ಅಪ್ಪ ಊಟಕ್ಕೆ ಕೂತಾಗ ಪವಿತ್ರ ತಾನೇ ಹೇಳಿದಳು. "ಅತ್ತೆ ಹತ್ರ ಹೋಗಿದ್ದೆ. ಹೆಸ್ರು ಬರಿಯಲ್ಲ. ಗೆರೇನೂ ಎಳಿಯಲ್ಲ. ನಾಳೆ ಪುಟ ಕೊಡ್ತೀನಿ."

ಅಪ್ಪನ ಕೈ ತಟ್ಟೆಯಲ್ಲೇ ನಿಂತಿತು. ಅಜ್ಜಿ ಮೂಲೆಯಿಂದ ಮೆಲ್ಲಗೆ, "ಅಲ್ಲಿ ಊಟ ಮಾಡುದ್ಯಾ?" ಎಂದಳು.

"ಮಾಡ್ದೆ ಅಜ್ಜಿ."

"ಏನ್ ಮಾಡಿದ್ಲು?"

"ಮುದ್ದೆ, ಹುರುಳಿಕಾಳ್ ಬಸ್ಸಾರು."

ಅಪ್ಪ ಎದ್ದು ಹೋಗುವನೆಂದು ಪವಿತ್ರ ಕಾದಳು. ಅವನು ಏಳಲಿಲ್ಲ. ತಲೆಯೆತ್ತದೆಯೇ, "ನಾಳೆ ಎಷ್ಟೊತ್ಗೆ ಬಸ್ಸು?" ಎಂದ.

"ಏಳೂವರೆಗೆ."

ಬೆಳಿಗ್ಗೆ ಅವನೇ ಬೈಕಿನಲ್ಲಿ ಬಸ್ ಸ್ಟ್ಯಾಂಡಿಗೆ ಬಿಟ್ಟುಬಂದ.