ಪಕ್ಕೀರಮ್ಮನ ಉಡಿ

ಗಂಗಕ್ಕ ಪಕ್ಕೀರಮ್ಮನ ಕೆನ್ನೆಗೆ ಅರಿಸಿನ ಹಚ್ಚುತ್ತಲೇ ಮತ್ತೊಮ್ಮೆ ಬಾಗಿಲ ಕಡೆ ನೋಡಿದಳು. ಹೆಣವನ್ನು ಗೋಡೆಗೆ ಆನಿಸಿ ಕೂರಿಸಿದ್ದರು. ಹಸಿರು ಸೀರೆ ಉಡಿಸಿ, ಕೈತುಂಬ ಬಳೆ ಇಡಿಸಿಯಾಗಿತ್ತು. ಗಂಡ ಉಚ್ಚೆಂಗೆಪ್ಪ ಬದುಕಿರುವಾಗಲೇ ಹೋದವಳು, ಮುತ್ತೈದೆ ಸಾವು. ಅಂಥವಳನ್ನು ಕುರುಗೋಡಿನಲ್ಲಿ ಐವರು ಮುತ್ತೈದೆಯರು ಉಡಿ ತುಂಬಿ ಕಳಿಸಬೇಕು. ಸೆರಗನ್ನು ಮಡಿಲಲ್ಲಿ ಹರಡಿ ಅಕ್ಕಿ, ಕೊಬ್ಬರಿ, ಅರಿಸಿನ ಕೊಂಬು ಹಾಕಿ ಗಂಟು ಕಟ್ಟಿದರೆ ಮುಗಿಯಿತು. ಗಳಿಗೆಯ ಕೆಲಸ, ಬೆಳಗಿನಿಂದ ಆಗಿರಲಿಲ್ಲ.

ಗಂಗಕ್ಕನೂ ಸೇರಿ ಒಳಗೆ ಬಂದ ಮುತ್ತೈದೆಯರು ನಾಲ್ಕೇ ಮಂದಿ. ಪಕ್ಕೀರಮ್ಮನ ಜೊತೆ ವರ್ಷಗಟ್ಟಲೆ ಹತ್ತಿ ಬಿಡಿಸಿದ ಉಳಿದ ಹೆಂಗಸರೆಲ್ಲ ಅಂಗಳದ ಬೇಲಿಯಾಚೆ ನಿಂತಿದ್ದರು. ಅವರ ಹಿಂದೆ ಬೇವಿನ ಮರದ ಕೆಳಗೆ ಸಾಹುಕಾರರ ಹೊಲದ ಮೇಸ್ತ್ರಿ ಗಾದೆಪ್ಪ. ದುಃಖ ಹಂಚಿಕೊಳ್ಳಲು ಬಂದವನಂತೆ; ಕಣ್ಣು ಮಾತ್ರ ಯಾರು ಒಳಗೆ ಹೋಗುತ್ತಾರೆಂದೇ ನೋಡುತ್ತಿತ್ತು.

"ಹೊತ್ತು ಇಳಿಯಾಕ ಹತ್ತೈತಿ," ಎಂದ ಉಚ್ಚೆಂಗೆಪ್ಪ. "ಇನ್ನೊಬ್ಬಾಕಿ ಸಿಗಲಿಲ್ಲೇನವ್ವಾ ಗಂಗಕ್ಕ? ನಮ್ಮಾಕಿ ಬರೇ ಉಡೀಲೇ ಹೋಗಬೇಕೇನು?"

"ತಡೀ ಮಾವ, ಬರ್ತಾರ," ಎಂದಳು ಗಂಗಕ್ಕ. ತನ್ನ ಮಾತನ್ನು ಅವಳೇ ನಂಬಿರಲಿಲ್ಲ.

ಆಗ ಬೇಲಿಯ ಹತ್ತಿರ ಗುಸುಗುಸು ಎದ್ದಿತು. ಬಳ್ಳಾರಿಯ ಬಸ್ಸಿಳಿದು ಓಡಿಬಂದ ಮೂಕಮ್ಮ ಹೆಂಗಸರನ್ನು ಸರಿಸಿಕೊಂಡು ಅಂಗಳಕ್ಕೆ ಕಾಲಿಟ್ಟಳು. ಉಚ್ಚೆಂಗೆಪ್ಪನೇ ಹೇಳಿಕಳಿಸಿದ್ದ.

"ಆ ಹೊಳಿಯಾಚೆ ಕಳ್ಳಿನ್ನ ಯಾರ್ ಕರಸಿದ್ರಲೇ?" ಗಾದೆಪ್ಪ ಮರದ ಕೆಳಗಿನಿಂದಲೇ ಕೂಗಿದ. "ಆಕಿ ಕೈಲಿ ಉಡಿ ತುಂಬಿಸ್ತೀರೇನು?"

ಮೂಕಮ್ಮ ಹೊಸ್ತಿಲ ಹೊರಗೇ ನಿಂತುಬಿಟ್ಟಳು.

*

ನಾಲ್ಕು ವರ್ಷದ ಹಿಂದೆ ನಿಜಾಮನ ಸೀಮೆಯಲ್ಲಿ ಗಲಾಟೆ ಎದ್ದಾಗ ಮೂಕಮ್ಮ ಗಂಡನ ಜೊತೆ ಕೆಂಚನಗುಡ್ಡದ ಹತ್ತಿರ ಹರಿಗೋಲಿನಲ್ಲಿ ತುಂಗಭದ್ರೆ ದಾಟಿ, ಸಿರುಗುಪ್ಪ ಹಾದು ಕುರುಗೋಡಿಗೆ ಬಂದಿದ್ದಳು. ಊರಿನವರಿಗೆ ಅವಳ ಹೆಸರು ಬೇಕಾಗಿರಲಿಲ್ಲ. 'ಹೊಳಿಯಾಚೆಯಾಕಿ' ಎಂದರೆ ಸಾಕಿತ್ತು. ಬಾವಿಯಲ್ಲಿ ಎಲ್ಲರದೂ ಆದ ಮೇಲೆ ಅವಳ ಕೊಡ. ಯಾರದೋ ಕೋಳಿ ಕಾಣದಿದ್ದರೆ ಮೊದಲು ಹುಡುಕುವುದು ಅವಳ ಗುಡಿಸಲು.

ಹತ್ತಿ ಬಿಡಿಸುವ ಗುಂಪಿಗೆ ಆಗ ಪಕ್ಕೀರಮ್ಮ ಹಿರಿಯಳು. ಅವಳೇ ಮೂಕಮ್ಮನನ್ನು ಕರೆದು ತನ್ನ ಪಕ್ಕದ ಸಾಲಿನಲ್ಲಿ ನಿಲ್ಲಿಸಿಕೊಂಡಳು. ಮುದ್ದು ಮಾಡಲು ಅಲ್ಲ. "ಲೇ, ಎಲಿ ಚೂರು ಹತ್ಯಾಗ ಬರ್ತಾವ, ಕಣ್ಣು ಎಲ್ಲಿಟ್ಟಿ?" ಎಂದು ದಿನವಿಡೀ ಬೈಯುತ್ತಿದ್ದಳು. ಆ ಬೈಗುಳದಲ್ಲಿ ಊರಿನವರು ಹೊರಗಿನವರು ಎಂಬ ಭೇದವಿರಲಿಲ್ಲ.

ಕೆಲಸದ ಕಡೆಯ ದಿನ ಪ್ರತಿಯೊಬ್ಬಳೂ ಮನೆದೇವರ ದೀಪದ ಬತ್ತಿಗೆಂದು ಹಿಡಿ ಹತ್ತಿಯನ್ನು ಉಡಿಯಲ್ಲಿ ಕಟ್ಟಿಕೊಂಡು ಹೋಗುವುದು ವಾಡಿಕೆ. ಸಾಹುಕಾರರಿಗೂ ಗೊತ್ತು, ಮೇಸ್ತ್ರಿಗೂ ಗೊತ್ತು. ಯಾರೂ ಬಾಯಿಬಿಟ್ಟು ಕೇಳುವುದಿಲ್ಲ, ಯಾರೂ ಹೇಳುವುದಿಲ್ಲ.

"ನೀನೂ ಕಟ್ಟಿಗ್ಯಾ. ನಿಮ್ಮ ದೇವ್ರು ಕತ್ತಲ್ಯಾಗ ಕುಂದರಬೇಕೇನು?" ಎಂದು ಮೂಕಮ್ಮನಿಗೆ ಹೇಳಿಕೊಟ್ಟವಳು ಪಕ್ಕೀರಮ್ಮನೇ.

ಅಂದೇ ಒಂದು ಹತ್ತಿ ಮೂಟೆ ಕಾಣಲಿಲ್ಲ. ಗಾದೆಪ್ಪ ಬೇರೆ ಯಾರನ್ನೂ ಕೇಳದೆ ಮೂಕಮ್ಮನ ಉಡಿಯನ್ನು ಜಗ್ಗಿದ. ಹಿಡಿ ಹತ್ತಿ ಹೊರಬಿತ್ತು.

"ನೋಡ್ರಿ ಕಳ್ಳಿನ್ನ! ಮೂಟಿನೂ ಈಕೀನ ಸಾಗಿಸ್ಯಾಳ!"

ಅವಳನ್ನು ಬಂಡಿಯ ಗಾಲಿಗೆ ಕಟ್ಟಿಸಿದ. ಸುತ್ತ ನಿಂತ ಇಪ್ಪತ್ತು ಹೆಂಗಸರು ತಮ್ಮ ತಮ್ಮ ಉಡಿಯನ್ನು ಒತ್ತಿ ಹಿಡಿದು ನೆಲ ನೋಡಿದರು. ಗಂಗಕ್ಕನೂ ಅವರಲ್ಲಿ ಒಬ್ಬಳು.

ಪಕ್ಕೀರಮ್ಮ ಮುಂದೆ ಬಂದು ತನ್ನ ಗಂಟು ಬಿಚ್ಚಿ ಸೆರಗು ಜಾಡಿಸಿದಳು. ಹತ್ತಿ ಗಾದೆಪ್ಪನ ಎದುರಿಗೇ ಬಿತ್ತು.

"ಆಕೀಗೆ ಹೇಳಿಕೊಟ್ಟಾಕಿ ನಾನು. ನನ್ನೂ ಕಟ್ಟು. ಇನ್ನೊಂದು ಗಾಲಿ ಖಾಲಿ ಐತಲ್ಲ."

ಗುಂಪಿನ ಹಿರಿಯಳನ್ನು ಕಟ್ಟಿಸುವ ಧೈರ್ಯವಿಲ್ಲದೆ ಗಾದೆಪ್ಪ ಮೂಕಮ್ಮನನ್ನು ಬಿಚ್ಚಿಸಲೇಬೇಕಾಯಿತು. ಆದರೆ ಪಕ್ಕೀರಮ್ಮನಿಗೆ ಆ ಹೊಲದ ಕೆಲಸ ಅಂದಿಗೇ ಮುಗಿಯಿತು. ಗುಂಪಿನ ಹಿರಿತನ ಗಂಗಕ್ಕನ ಪಾಲಿಗೆ ಬಂತು. ನಾಲ್ಕು ದಿನಕ್ಕೆ ಮೂಟೆ ಸಿಕ್ಕಿತು. ತಪ್ಪಿ ಬೇರೆಯವರ ಬಂಡಿಗೇರಿ ಬಳ್ಳಾರಿಯಲ್ಲಿ ಹತ್ತಿಬೀಜ ಬೇರ್ಪಡಿಸುವ ಜಿನ್ನಿಗೆ ಹೋಗಿತ್ತಂತೆ. ಅಷ್ಟರಲ್ಲಿ ಮೂಕಮ್ಮ ಊರು ಬಿಟ್ಟಿದ್ದಳು. ಪಕ್ಕೀರಮ್ಮ ಮೂರು ವರ್ಷ ಮಂದಿಯ ಮನೆಯಲ್ಲಿ ಜೋಳ ಬೀಸಿ ಹೊಟ್ಟೆ ಹೊರೆದಳು. ಗುಂಪಿನ ಹೆಂಗಸರು ಅವಳ ಮನೆಯ ಮುಂದೆ ಬಂದಾಗ ತಲೆ ತಗ್ಗಿಸಿ ಬೇಗ ಬೇಗ ದಾಟುತ್ತಿದ್ದರು.

*

"ಬ್ಯಾಡಕ್ಕಾ," ಎಂದಳು ಮೂಕಮ್ಮ. "ಪಕ್ಕೀರಮ್ಮತ್ತಿ ಮುಂದ ಜಗಳ ಬ್ಯಾಡ. ನಾ ಇಲ್ಲೇ ಕೈ ಮುಗದು ಹೋಗ್ತೀನಿ."

ಗಂಗಕ್ಕ ಎದ್ದು ಹೊಸ್ತಿಲಿಗೆ ಬಂದಳು. ಬೇವಿನ ಮರದ ಕಡೆ ತಿರುಗಿ ಎಲ್ಲರಿಗೂ ಕೇಳುವಂತೆ ಹೇಳಿದಳು.

"ಗಾದೆಪ್ಪಣ್ಣಾ, ಆ ದಿನ ನನ್ನ ಉಡ್ಯಾಗೂ ಹತ್ತಿ ಇತ್ತು. ಒಂದಲ್ಲ, ಎಲ್ಡು ಹಿಡಿ. ಈಕಿ ಕಳ್ಳಿ ಆದ್ರ ನಾನೂ ಕಳ್ಳಿ. ನಾ ಬಾಯಿ ಮುಚ್ಚಿಕೊಂಡು ನಿಂತೆ, ಈ ಅತ್ತಿ ಬೀಸೋ ಕಲ್ಲು ಹಿಡದ್ಲು."

"ನಾಳಿಂದ ಹೊಲಕ್ಕ ಬರಬ್ಯಾಡ ನೀನು!"

"ಬರಂಗಿಲ್ಲ, ಹೋಗು."

ಅವಳು ಅರಿಸಿನದ ಕೈಯಿಂದಲೇ ಮೂಕಮ್ಮನನ್ನು ಹಿಡಿದು ಒಳಗೆ ಕರೆತಂದಳು. "ಮೊದಲ್ನೇ ಹಿಡಿ ನಿಂದು."

ಮೂಕಮ್ಮ ಅಕ್ಕಿ ಹಾಕಿ, ಪಕ್ಕೀರಮ್ಮನ ಮೊಣಕಾಲಿಗೆ ಹಣೆಯಿಟ್ಟು ಅತ್ತಳು. ಉಳಿದ ನಾಲ್ವರೂ ಹಾಕಿದರು. ಐದಾಯಿತು. ಗಂಟು ಕಟ್ಟಬೇಕು ಎನ್ನುವಾಗ ಬೇಲಿಯ ಕಡೆಯಿಂದ ಒಂದು ದನಿ ಬಂತು.

"ನನ್ನ ಉಡ್ಯಾಗೂ ಇತ್ತವಾ."

"ನಂದ್ರಾಗೂ."

ಒಬ್ಬೊಬ್ಬಳೇ ಒಳಗೆ ಬಂದಳು. ಮನೆಗೆ ಓಡಿ ಕೈಗೆ ಸಿಕ್ಕಿದ್ದು ತಂದವರೂ ಇದ್ದರು. ಅಕ್ಕಿ ಇಲ್ಲದವರು ಜೋಳ ತಂದರು. ಗಾದೆಪ್ಪ ಎರಡು ಮೂರು ಹೆಸರು ಹಿಡಿದು ಕೂಗಿದ; ಯಾರೂ ತಿರುಗಿ ನೋಡಲಿಲ್ಲ. ಗಂಗಕ್ಕ ಸೆರಗಿನ ತುದಿಗಳನ್ನು ಎಳೆದು ನೋಡಿದಳು. ಗಂಟು ಹಾಕಲು ನಾಲ್ಕು ಬೆರಳು ಸಾಲದು.

"ಕಟ್ಟಬ್ಯಾಡ್ರವ್ವಾ," ಎಂದ ಉಚ್ಚೆಂಗೆಪ್ಪ, ಕಣ್ಣೊರೆಸಿಕೊಳ್ಳುತ್ತ. "ಹಂಗ ಬಿಡ್ರಿ."

ಕೂತಂತೆಯೇ ಪಕ್ಕೀರಮ್ಮನನ್ನು ಎತ್ತಿದರು. ಹೊತ್ತವರು ಹೆಜ್ಜೆ ಹಾಕಿದಂತೆ ತೆರೆದ ಉಡಿಯಿಂದ ಕಾಳು ಉದುರುತ್ತ ಬಂತು. ಬೇವಿನ ಮರದ ಹತ್ತಿರ ಒಂದು ಹಿಡಿ ಜೋಳ ಗಾದೆಪ್ಪನ ಪಾದದ ಮೇಲೆ ಬಿತ್ತು. ಅವನು ಮೆಲ್ಲಗೆ ಚಪ್ಪಲಿ ಬಿಟ್ಟು, ಕಾಳು ತುಳಿಯದಂತೆ ಹಿಂದಕ್ಕೆ ಸರಿದು, ಬರಿಗಾಲಲ್ಲಿ ನಿಂತ.