ಇಬ್ಬರಿಗಿಂತ ಕಮ್ಮಿ ಮಾಡೋದಿಲ್ಲ

ಎನ್‌ಗ್ರಾಸಿಯಾ ಕಡಲತೀರದ ಬೆನಿಸೋಲ್‌ಗೆ ಒಬ್ಬಳೇ ಬಂದು ನಾಲ್ಕು ದಿನವಾಗಿತ್ತು. ಆ ನಾಲ್ಕು ದಿನದಲ್ಲಿ ಒಂದು ಮೊಟ್ಟೆಯನ್ನೂ ಬೇಯಿಸಿರಲಿಲ್ಲ. ಬೆಳಿಗ್ಗೆ ಮಡಚುವ ಕುರ್ಚಿ ಹಿಡಿದು ಸಮುದ್ರದ ದಂಡೆಗೆ ಹೋಗುವುದು, ಮೊಣಕಾಲುದ್ದದ ನೀರಿನಲ್ಲಿ ನಿಂತು ಯಾವ ಮಗುವಿನ ಮೇಲೂ ಕಣ್ಣಿಡದೆ ದೂರದ ದೋಣಿ ನೋಡುವುದು, ಮಧ್ಯಾಹ್ನ ಪರದೆ ಇಳಿಸಿ ಗಡದ್ದಾಗಿ ನಿದ್ದೆ ಹೊಡೆಯುವುದು. ಸಂಜೆಗೆ ಐಸ್‌ಕ್ರೀಮು. ಅರವತ್ತಮೂರರ ವಯಸ್ಸಿಗೆ ಹದಿನೈದು ದಿನದ ಸ್ವರ್ಗ ಕೈಗೆ ಸಿಕ್ಕಿತ್ತು.

ಮೂವತ್ತೆಂಟು ವರ್ಷ, ಆಗಸ್ಟ್ ಬಂತೆಂದರೆ ಇದೇ ಊರು, ಇದೇ ಸಮುದ್ರ, ಹನ್ನೊಂದು ಜನ. ಗಂಡ ಬದುಕಿದ್ದಾಗ ಗಂಡನ ಕಡೆಯವರು, ಆಮೇಲೆ ಮಕ್ಕಳು, ಅಳಿಯಂದಿರು, ಮೊಮ್ಮಕ್ಕಳು. ಅವರೆಲ್ಲ ನೀರಿನಲ್ಲಿ, ಇವಳು ಒಲೆಯ ಮುಂದೆ. ಅಡುಗೆಮನೆಯ ಕಿಟಕಿಯಿಂದ ಅಲೆಗಳ ಸದ್ದು ಚೆನ್ನಾಗಿಯೇ ಕೇಳುತ್ತಿತ್ತು, ಇಲ್ಲವೆನ್ನುವಂತಿಲ್ಲ. ಈ ವರ್ಷ ಮಾತ್ರ ಜೂನ್ ತಿಂಗಳಲ್ಲೇ, ಯಾರನ್ನೂ ಕೇಳದೆ, ತನ್ನೂರು ತೆರುವೆಲ್‌ನಲ್ಲಿ ಬಸ್ಸು ಹತ್ತಿದ್ದಳು.

ಇವತ್ತು ಬೆಳಿಗ್ಗೆ ಮಗಳು ಅಸುಸೇನಾಳ ಫೋನು ಬಂತು.

"ಅಯ್ಯೋ ಅಮ್ಮಾ, ಒಬ್ಬಳೇ ಎಷ್ಟು ಬೇಜಾರಾಗ್ತಿದ್ಯೋ ಏನೋ! ಭಾನುವಾರ ನಾವೆಲ್ಲ ಬಂದ್ಬಿಡ್ತೀವಿ. ಒಂಬತ್ತೇ ಜನ. ನೀನು ಅನ್ನ ಒಂದು ಮಾಡಿದ್ರೆ ಸಾಕು."

"ಮಧ್ಯಾಹ್ನ ಹೇಳ್ತೀನಿ ಮಗಳೇ," ಎಂದಳು ಎನ್‌ಗ್ರಾಸಿಯಾ. ಬೇಡ ಎನ್ನಬೇಕೆಂದಿದ್ದಳು, ಬಾಯಿಗೆ ಬರಲಿಲ್ಲ. ಮಕ್ಕಳಿಗೆ ಅದನ್ನು ಹೇಳಿ ಅವಳಿಗೆ ಅಭ್ಯಾಸವೇ ಇರಲಿಲ್ಲ. ಹೇಳದಿದ್ದರೆ ಉಳಿದ ಹನ್ನೊಂದು ದಿನ ಮಣ್ಣುಪಾಲು; ಬಂದವರು ಒಂದೇ ದಿನಕ್ಕೆ ಹೊರಡುವ ಪೈಕಿಯಲ್ಲ.

ಚಿಂತೆ ಹತ್ತಿದರೆ ಅವಳಿಗೆ ಹಸಿವು ಜಾಸ್ತಿ. ಪಾಯೆಯ್ಯಾ ತಿನ್ನಬೇಕು, ಅದೂ ಬೇರೆಯವರು ಮಾಡಿದ ಪಾಯೆಯ್ಯಾ ತಿನ್ನಬೇಕು ಎನಿಸಿತು. ಆದರೆ ಅಗಲ ಬಾಣಲೆಯ ಆ ಅನ್ನವನ್ನು ಇಬ್ಬರಿಗಿಂತ ಕಮ್ಮಿ ಜನಕ್ಕೆ ಯಾವ ಹೋಟೆಲಿನವರೂ ಮಾಡುವುದಿಲ್ಲ. ಮೂರು ದಿನ ಮೂರು ಕಡೆ ಕೇಳಿ ನೋಡಿದ್ದಳು. ಒಂಟಿಯಾಗಿ ಬಂದವಳಿಗೆ ಒಂದು ತುಂಡು ಮೀನು, ಮೇಲೊಂದಿಷ್ಟು ಅಯ್ಯೋ ಪಾಪ. ಹಾಗಾಗಿ ನಾಲ್ಕನೆಯ ಹೋಟೆಲಿನಲ್ಲಿ ನರೆಮೀಸೆಯ ಮಾಣಿ ಫುಲ್ಹೆನ್ಸಿಯೊ "ಎಷ್ಟು ಜನ?" ಎಂದಾಗ, "ಇಬ್ಬರು. ಪಾಯೆಯ್ಯಾ," ಎಂದುಬಿಟ್ಟಳು.

"ಇನ್ನೊಬ್ರು?"

"ಬರ್ತಾರೆ."

"ಬರ್ಲಿ ಸೆನ್ಯೋರಾ. ಕೂತ್ಮೇಲೆ ಅಕ್ಕಿ ಹಾಕಿಸ್ತೀನಿ. ಈಗ್ಲೇ ಹಾಕಿ ಅವ್ರು ತಡ ಮಾಡಿದ್ರೆ ಅನ್ನ ಮುದ್ದೆಯಾಗುತ್ತೆ, ಒಳಗಿನೋರು ನನ್ನ ಚರ್ಮ ಸುಲೀತಾರೆ."

ಎನ್‌ಗ್ರಾಸಿಯಾಗೆ ತಲೆ ಚಚ್ಚಿಕೊಳ್ಳುವಂತಾಯಿತು. ಕೊನೆಯ ಮೊಮ್ಮಗು ನೀರಿನಿಂದ ಎದ್ದು ಬಂದು ಕೂರುವವರೆಗೆ ಅವಳೇ ಎಂದಾದರೂ ಅಕ್ಕಿ ಹಾಕಿದ್ದುಂಟೆ? ಇಷ್ಟು ವರ್ಷ ಸೌಟು ಹಿಡಿದವಳಿಗೆ ಅಷ್ಟೂ ಹೊಳೆಯಬಾರದೆ! ಹೇಳಿದ ಸುಳ್ಳನ್ನು ನುಂಗಲೂ ಆಗದೆ ಉಗುಳಲೂ ಆಗದೆ ಕೂತಳು.

ಕಾಲು ಗಂಟೆಗೆ ಆಲಿವ್ ಕಾಯಿ ಬಂತು. ಅರ್ಧ ಗಂಟೆಗೆ, ಕೇಳದಿದ್ದರೂ, ಬ್ರೆಡ್ಡು. ಪಕ್ಕದ ಮೇಜಿನಲ್ಲಿ ಗಂಡನ ಜೊತೆ ಊಟಕ್ಕೆ ಕೂತಿದ್ದ ಕಸೀಲ್ದಾ ಎಂಬ ತೋರ ಹೆಂಗಸಿಗೆ ತಡೆಯಲಾಗಲಿಲ್ಲ.

"ಗಂಡಸಾ?" ಎಂದು ಖಾಲಿ ಕುರ್ಚಿ ತೋರಿಸಿದಳು. "ಗಂಡಸೇ ಬಿಡು. ಹೆಂಗಸಾಗಿದ್ರೆ ಫೋನಾದ್ರೂ ಮಾಡಿರೋಳು. ಕೈಗೆ ಸಿಗ್ಲಿ ಅವ್ನು!"

ತಪ್ಪು ತನ್ನದೇ ಎಂಬಂತೆ ಅವಳ ಗಂಡ ತಟ್ಟೆಯೊಳಗೆ ತಲೆ ಹುದುಗಿಸಿದ.

"ದಾರೀಲಿ ಟ್ರಾಫಿಕ್ ಇರ್ಬಹುದು," ಎಂದರು ಯಾರೋ ಹಿಂದಿನಿಂದ.

"ಟ್ರಾಫಿಕ್ಕಂತೆ ಟ್ರಾಫಿಕ್ಕು!" ಎಂದಳು ಕಸೀಲ್ದಾ.

ಹೋಟೆಲಿನ ಮುಂದಿನ ಇಡೀ ಜಗಲಿ ಈಗ ಬೀದಿಯತ್ತ ಕಣ್ಣಿಟ್ಟು ಆ ಬಾರದ ಮಹಾನುಭಾವನಿಗೆ ಕಾಯತೊಡಗಿತು. ಕಸೀಲ್ದಾ ಎದ್ದೇಬಿಟ್ಟಳು. "ಬಾರಮ್ಮಾ, ನಮ್ಮ ಮೇಜಿಗೆ ಬಾ. ಹೆಣ್ಣೊಬ್ಬಳು ಒಂಟಿಯಾಗಿ ಉಣ್ಣೋದು ನೋಡಿದ್ರೆ ಕರುಳು ಕಿತ್ತು ಬರುತ್ತೆ," ಎಂದು ಕೈ ಹಿಡಿದೆಳೆದಳು.

ಎನ್‌ಗ್ರಾಸಿಯಾಳಿಗೆ ಎಲ್ಲಿತ್ತೋ ಸಿಟ್ಟು.

"ಯಾರೂ ಬರಲ್ಲ!" ಎಂದಳು. ಧ್ವನಿ ತಾನಂದುಕೊಂಡದ್ದಕ್ಕಿಂತ ಜೋರಾಗಿತ್ತು. "ಸುಳ್ಳು ಹೇಳ್ದೆ. ನಂಗ್ಯಾರೂ ಕೈ ಕೊಟ್ಟಿಲ್ಲ, ನಾನೇ ಒಬ್ಬಳೇ ಬಂದಿದೀನಿ. ಒಬ್ಬಳೇ ಇರೋಕೆ ನಂಗಿಷ್ಟ. ಹನ್ನೊಂದು ಜನಕ್ಕೆ ಬಡಿಸಿ ಬಡಿಸಿ ತಣ್ಣಗಿರೋದನ್ನೇ ತಿಂದಿದೀನಿ. ಇವತ್ತು ಇಬ್ಬರದ್ದು ನಾನೊಬ್ಬಳೇ ಬಿಸಿಬಿಸಿ ತಿಂತೀನಿ. ಯಾರಿಗಾದ್ರೂ ತೊಂದ್ರೆ ಇದ್ಯಾ?"

ಯಾರಿಗೂ ಇರಲಿಲ್ಲ.

"ಮೊದ್ಲೇ ಹೇಳ್ಬಾರ್ದಿತ್ತಾ ಸೆನ್ಯೋರಾ?" ಎಂದ ಫುಲ್ಹೆನ್ಸಿಯೊ. ಒಳಗೆ ತಿರುಗಿ ಕೂಗಿದ: "ಇಬ್ಬರ ಅಕ್ಕಿ ಹಾಕಿ! ಒಬ್ಬರಿಗೆ!"

ಕಸೀಲ್ದಾ ತನ್ನ ಜಾಗಕ್ಕೆ ಮರಳಿ ಬಹಳ ಹೊತ್ತು ಯೋಚಿಸಿದಳು. "ಮುಂದಿನ ವರ್ಷ ನಾನೂ ಒಬ್ಬಳೇ ಬರ್ತೀನಿ," ಎಂದಳು ಗಂಡನಿಗೆ.

"ಯಾವ ತಾರೀಕು?" ಎಂದ ಅವನು, ತುಸು ಬೇಗನೆ.

ಬಾಣಲೆ ಬಂತು. ಸೀಗಡಿ, ಕಪ್ಪೆಚಿಪ್ಪು, ಕೇಸರಿ ಬಣ್ಣದ ಅನ್ನ, ಅಂಚಿನಲ್ಲಿ ಇನ್ನೂ ಚಿರ್ರೆನ್ನುವ ಸದ್ದು. ಎನ್‌ಗ್ರಾಸಿಯಾ ಮೇಲಿನದನ್ನು ಪಕ್ಕಕ್ಕೆ ಸರಿಸಿ ತಳದ ಗರಿಗರಿ ಪದರ ಕೆರೆದು ಬಾಯಿಗಿಟ್ಟಳು. ಮನೆಯಲ್ಲಿ ಅದಕ್ಕಾಗಿ ಮೊಮ್ಮಕ್ಕಳು ಹೊಡೆದಾಡುತ್ತಿದ್ದುದು ಸುಮ್ಮನೆ ಅಲ್ಲ.

ಅಷ್ಟರಲ್ಲಿ ಅಸುಸೇನಾಳ ಫೋನು. "ಅಮ್ಮಾ, ಹಾಗಾದ್ರೆ ಭಾನುವಾರ—"

"ಬೇಡ ಮಗಳೇ, ಬರ್ಬೇಡಿ," ಎಂದಳು ಎನ್‌ಗ್ರಾಸಿಯಾ. ಇಷ್ಟು ಜನರೆದುರು ಒಮ್ಮೆ ಹೇಳಿದ ಮೇಲೆ ಇನ್ನೊಮ್ಮೆ ಹೇಳುವುದೇನೂ ಕಷ್ಟವಾಗಲಿಲ್ಲ. "ಹದಿನೈದು ದಿನ ಮುಗಿಸಿ ನಾನೇ ಬರ್ತೀನಿ."

ಅಸುಸೇನಾ ಗಾಬರಿಯಾದಳು. "ಹುಷಾರಿದ್ದೀಯ ತಾನೇ? ಏನ್ ಮಾಡ್ತಿದೀಯ?"

"ಊಟ. ಪಾಯೆಯ್ಯಾ."

"ಪಾಯೆಯ್ಯಾನಾ? ಯಾರು ಮಾಡಿದ್ದು?"

ಎನ್‌ಗ್ರಾಸಿಯಾ ಅಡುಗೆಮನೆಯ ಬಾಗಿಲ ಕಡೆ ನೋಡಿದಳು. ಒಳಗೆ ಯಾರಿದ್ದಾರೆಂದು ಕಾಣಲಿಲ್ಲ. ನಗುವೂ ಅಳುವೂ ಒಟ್ಟಿಗೇ ಬಂದವು.

"ಗೊತ್ತಿಲ್ಲ ಕಣೇ," ಎಂದಳು. "ಯಾರೋ ಮಾಡಿದ್ದಾರೆ. ನನಗೆ ಅಂತ ಮಾಡಿದ್ದಾರೆ."